ಬಾಣಂತನ ಮುಗಿದ ಮೇಲೆ

ಹೈದರಾಬಾದಿನ ತಾರ್ನಾಕದಿಂದ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆಗೆ ಹೋಗುವ ರಸ್ತೆಯಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆವರಣವಿದೆ. ಜನರ ಬಾಯಲ್ಲಿ ಅದು ಎನ್‌ಐಎನ್. ಗರ್ಭಿಣಿ ದಿನಕ್ಕೆ ಎಷ್ಟು ಉಣ್ಣಬೇಕು, ಹಾಲೂಡಿಸುವವಳಿಗೆ ಎಷ್ಟು ಪ್ರೋಟೀನ್ ಹೆಚ್ಚು ಬೇಕು, ರಾಗಿಯಲ್ಲಿ ಸುಣ್ಣದಂಶ ಎಷ್ಟು, ನುಗ್ಗೆಸೊಪ್ಪಿನಲ್ಲಿ ಕಬ್ಬಿಣ ಎಷ್ಟು ಎಂದು ಶಾಲಾಪುಸ್ತಕದಿಂದ ಅಂಗನವಾಡಿಯವರೆಗೆ ಎಲ್ಲರೂ ಹೇಳುವ ಲೆಕ್ಕಗಳ ಹಿಂದೆ ಈ ಸಂಸ್ಥೆಯ ದುಡಿಮೆ ಇದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ಕಾರಣ ಹುಡುಕಲು ತೆರೆದ ಸಣ್ಣ ಪ್ರಯೋಗಾಲಯವೇ ಇದರ ಮೂಲ. 1958ರಲ್ಲಿ ಅದು ಹೈದರಾಬಾದಿಗೆ ಬಂತು, 1969ರಲ್ಲಿ ಈಗಿನ ಹೆಸರು ಪಡೆಯಿತು.

ಆ ಪ್ರಯೋಗಾಲಯ ಬೆಳೆದ ಕಾಲದಲ್ಲಿ ತಾಯಿಯ ಆರೋಗ್ಯ ಎಂದರೆ ತೂಕ, ರಕ್ತದ ಹಿಮೋಗ್ಲೋಬಿನ್, ಎದೆಹಾಲು, ಕೂಸಿನ ತೂಕ. ಅಳೆಯಬಹುದಾದದ್ದನ್ನೆಲ್ಲ ಅಳೆದರು, ಬರೆದಿಟ್ಟರು. ‘ಮನಸ್ಸು ಹೇಗಿದೆ?’ ಎಂಬ ಪ್ರಶ್ನೆ ಮಾತ್ರ ತಕ್ಕಡಿಯ ಹೊರಗೇ ಉಳಿಯಿತು. ಇದು ಒಂದು ಸಂಸ್ಥೆಯ ಲೋಪ ಎನ್ನುವಂತಿಲ್ಲ. ಆ ಕಾಲದ ವೈದ್ಯಕೀಯವೇ ಹಾಗಿತ್ತು. ಆದರೆ ಆ ಪ್ರಶ್ನೆ ಯಾವಾಗ ಬಂತು, ಯಾರು ಕೇಳಿದರು, ಎಷ್ಟು ದಿನ ಕೇಳಿ ಸುಮ್ಮನಾದರು ಎಂಬ ಚರಿತ್ರೆಯನ್ನು ಹಿಡಿದು ಹೊರಟರೆ ಬೆಂಗಳೂರು, ಗೋವಾ, ರಾವಲ್ಪಿಂಡಿ ಎಲ್ಲ ಸುತ್ತಿ ಮತ್ತೆ ತಾರ್ನಾಕಕ್ಕೇ ಬರಬೇಕಾಗುತ್ತದೆ.

ನಲವತ್ತೆರಡನೆಯ ದಿನ

ಹೆರಿಗೆ ಹೆಣ್ಣಿಗೆ ಮರುಹುಟ್ಟು ಎಂಬ ಮಾತು ಕನ್ನಡನಾಡಿನಲ್ಲಿ ಸುಮ್ಮನೆ ಹುಟ್ಟಿದ್ದಲ್ಲ. ಹೆರಿಗೆಗೆ ಹೋದವಳು ಬದುಕಿ ಬರುವುದೇ ದೊಡ್ಡದಾಗಿದ್ದ ಕಾಲ ಬಹಳ ಹಿಂದಿನದೂ ಅಲ್ಲ. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೂ ದೇಶದಲ್ಲಿ ನೂರಕ್ಕೆ 39 ಹೆರಿಗೆಗಳಷ್ಟೇ ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–21ರ ಸಮೀಕ್ಷೆಯಲ್ಲಿ ಅದು 89ಕ್ಕೆ ಏರಿತು. 2018–20ರ ಲೆಕ್ಕದಂತೆ ಲಕ್ಷ ಜೀವಂತ ಜನನಕ್ಕೆ ದೇಶದಲ್ಲಿ 97, ಕರ್ನಾಟಕದಲ್ಲಿ 69, ತೆಲಂಗಾಣದಲ್ಲಿ 43 ತಾಯಂದಿರು ಸಾಯುತ್ತಿದ್ದರು. ಜನನಿ ಸುರಕ್ಷಾ, ಕರ್ನಾಟಕದ ಮಡಿಲು ಕಿಟ್, ಮಾತೃಪೂರ್ಣದ ಬಿಸಿಯೂಟ, ತೆಲಂಗಾಣದ ಆರೋಗ್ಯ ಲಕ್ಷ್ಮಿ, ಕೆಸಿಆರ್ ಕಿಟ್ ಎಲ್ಲವೂ ಈ ಎರಡು ದಶಕಗಳ ಕೂಸುಗಳೇ. ಇದು ಸಣ್ಣ ಗೆಲುವಲ್ಲ.

ಆದರೆ ಈ ಗೆಲುವಿಗೊಂದು ಗಡುವಿತ್ತು. ‘ತಾಯಿಮರಣ’ ಎಂದು ಲೆಕ್ಕಕ್ಕೆ ಸೇರುವುದು ಗರ್ಭದ ಅವಧಿಯಲ್ಲಿ ಅಥವಾ ಹೆರಿಗೆಯಾಗಿ 42 ದಿನದೊಳಗೆ ಆದ ಸಾವು. ಆಶಾ ಕಾರ್ಯಕರ್ತೆ ನವಜಾತ ಶಿಶುವಿನ ಆರೈಕೆಗೆಂದು ಮನೆಗೆ ಬರುವ ಭೇಟಿಗಳೂ 42ನೆಯ ದಿನಕ್ಕೆ ಮುಗಿಯುತ್ತವೆ. ಸರ್ಕಾರದ ಪಂಚಾಂಗದಲ್ಲಿ ಹೆರಿಗೆ ಎಂಬ ಘಟನೆ ಆರು ವಾರಕ್ಕೆ ಮುಗಿದುಹೋಗುತ್ತದೆ.

ಮನೆಯ ಪಂಚಾಂಗ ಇದಕ್ಕಿಂತ ಉದಾರ. ಚೊಚ್ಚಲ ಹೆರಿಗೆಗೆ ತವರಲ್ಲಿ ಮೂರು ತಿಂಗಳು, ಐದು ತಿಂಗಳು ಬಾಣಂತನ. ಎಣ್ಣೆ ನೀರು, ಬಿಸಿ ಅನ್ನ, ಸೊಂಟಕ್ಕೆ ಬಟ್ಟೆ, ಹಸಿ ಮೈಗೆ ಗಾಳಿ ತಾಗದ ಕೋಣೆ. ಹೆರಿಗೆಯ ಬಳಿಕ ಹೆಣ್ಣಿನ ಮನಸ್ಸು ಕದಡಬಹುದು ಎಂಬುದೂ ಹಿರಿಯರಿಗೆ ಗೊತ್ತಿತ್ತು. ‘ಬಾಣಂತಿ ಸನ್ನಿ’ ಎಂಬ ಮಾತೇ ಅದಕ್ಕೆ ಸಾಕ್ಷಿ. ಆದರೆ ಸನ್ನಿ ಎಂದರೆ ಅರಚಾಟ, ಅರಳುಮರಳು ಮಾತು, ನಿದ್ದೆಯಿಲ್ಲದ ಉನ್ಮಾದ; ಎಲ್ಲರ ಕಣ್ಣಿಗೂ ಬೀಳುವಂಥದ್ದು. ಸದ್ದಿಲ್ಲದೆ ಬತ್ತಿಹೋಗುವವಳಿಗೆ ಅಂಥದೊಂದು ಹೆಸರಿರಲಿಲ್ಲ. ಮಗು ಮಲಗಿದಾಗಲೂ ನಿದ್ದೆ ಬಾರದವಳು, ಕೂಸಿನ ಉಸಿರು ನಿಂತಿತೇ ಎಂದು ಗಳಿಗೆಗೊಮ್ಮೆ ಎದ್ದು ನೋಡುವವಳು, ಮಗುವನ್ನು ಎತ್ತಿಕೊಂಡರೂ ಏನೂ ಅನ್ನಿಸದೆ ಒಳಗೇ ನಾಚಿ ಸಾಯುವವಳು ಇವರೆಲ್ಲ ‘ಸುಸ್ತು’, ‘ದೃಷ್ಟಿ’, ‘ಸೊಂಟನೋವು’, ಕೆಲವೊಮ್ಮೆ ‘ಸೊಕ್ಕು’ ಎಂಬ ಹೆಸರುಗಳ ಕೆಳಗೆ ಮರೆಯಾದರು.

ಹತ್ತು ಪ್ರಶ್ನೆಗಳು

ಯುರೋಪಿನ ವೈದ್ಯಕೀಯವೂ ಮೊದಲು ಕಂಡದ್ದು ಸನ್ನಿಯನ್ನೇ. 1858ರಲ್ಲಿ ಫ್ರಾನ್ಸಿನ ಲೂಯಿ ವಿಕ್ತೋರ್ ಮಾರ್ಸೆ ಗರ್ಭಿಣಿಯರು, ಬಾಣಂತಿಯರು, ಹಾಲೂಡಿಸುವ ತಾಯಂದಿರ ಮನೋರೋಗದ ಬಗ್ಗೆಯೇ ಒಂದು ಗ್ರಂಥ ಬರೆದ. ಅದು ಉಲ್ಬಣಗೊಂಡ ಕಾಯಿಲೆಗಳ ಲೋಕ. ಸದ್ದಿಲ್ಲದ ದುಃಖದತ್ತ ಗಮನ ಹೊರಳಲು ಇನ್ನೂ ನೂರು ವರ್ಷ ಬೇಕಾಯಿತು. 1968ರಲ್ಲಿ ಲಂಡನ್ನಿನ ಬ್ರೈಸ್ ಪಿಟ್ ಹೆರಿಗೆ ಆಸ್ಪತ್ರೆಗೆ ಬಂದ ಸಾಮಾನ್ಯ ಹೆಂಗಸರನ್ನೇ ಮಾತಾಡಿಸಿ, ಸುಮಾರು ಹತ್ತರಲ್ಲಿ ಒಬ್ಬರಿಗೆ ಹೆರಿಗೆಯ ನಂತರ ಖಿನ್ನತೆ ಇದೆ ಎಂದು ತೋರಿಸಿದರು. ಅವರಲ್ಲಿ ಕೆಲವರು ವರ್ಷ ಕಳೆದರೂ ಚೇತರಿಸಿಕೊಂಡಿರಲಿಲ್ಲ. ಆಗ ಜಗತ್ತು ಹಿಡಿದುಕೊಂಡದ್ದು ಮೊದಲ ಮಾತನ್ನು. ಎರಡನೆಯ ಮಾತು, ಅಂದರೆ ಕಾಯಿಲೆ ಎಷ್ಟು ದಿನ ಉಳಿಯುತ್ತದೆ ಎಂಬುದು, ಹಿಂದೆ ಬಿತ್ತು.

1987ರಲ್ಲಿ ಜಾನ್ ಕಾಕ್ಸ್ ಮತ್ತು ಸಂಗಡಿಗರು ಎಡಿನ್‌ಬರೋ ಪ್ರಶ್ನಾವಳಿಯನ್ನು ರೂಪಿಸಿದರು. ಅದಕ್ಕೆ ಮೊದಲು ಕಾಕ್ಸ್ ಉಗಾಂಡಾದಲ್ಲಿ ಗರ್ಭಿಣಿಯರ ಮನಸ್ಸಿನ ಬಗ್ಗೆ ಅಧ್ಯಯನ ಮಾಡಿದ್ದರು. ಹಾಗಾಗಿ ಇದು ಬಿಳಿಯರ ದೇಶದ ಕಾಯಿಲೆ ಎಂಬ ಭ್ರಮೆ ಅವರಿಗಿರಲಿಲ್ಲ. ಇರುವುದು ಹತ್ತೇ ಪ್ರಶ್ನೆ, ಅವೂ ಕಳೆದ ಏಳು ದಿನಗಳ ಬಗ್ಗೆ. ನಗು ಬರುತ್ತಿದೆಯೇ, ಕಾರಣವಿಲ್ಲದೆ ಗಾಬರಿಯಾಗುತ್ತಿದೆಯೇ, ನಿಮ್ಮನ್ನೇ ನೀವು ದೂರಿಕೊಳ್ಳುತ್ತಿದ್ದೀರಾ, ಸಾಯಬೇಕೆನಿಸಿದೆಯೇ ಎಂಬಂಥವು. ಇಂಥ ಪ್ರಶ್ನಾವಳಿಯಿಂದ ಯಾರಿಗೆ ಸಹಾಯ ಬೇಕಾಗಬಹುದು ಎಂಬ ಸುಳಿವು ಸಿಗುತ್ತದೆಯೇ ಹೊರತು ಕಾಯಿಲೆ ಇಂಥದ್ದೇ ಎಂಬ ತೀರ್ಪು ಸಿಗುವುದಿಲ್ಲ. ಮುಂದೆ ಇದು ಅನೇಕ ಭಾರತೀಯ ಭಾಷೆಗಳಿಗೆ ಬಂತು. ಗ್ರಾಮೀಣ ಕರ್ನಾಟಕದ ಗರ್ಭಿಣಿಯರಲ್ಲಿ ಇದನ್ನು ಪರೀಕ್ಷಿಸಿ ನೋಡಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು.

ನಮ್ಮ ನಾಡಿನ ದೊಡ್ಡ ಉತ್ತರಗಳು ಬಂದದ್ದು 2002ರಲ್ಲಿ. ಗೋವಾದಲ್ಲಿ ವಿಕ್ರಮ್ ಪಟೇಲ್, ಮರ್ಲಿನ್ ರೋಡ್ರಿಗ್ಸ್, ನಂದಿತಾ ಡಿಸೋಜಾ 270 ತಾಯಂದಿರ ಬೆನ್ನು ಹತ್ತಿದರು. ಹೆರಿಗೆಯಾಗಿ ಆರರಿಂದ ಎಂಟು ವಾರಕ್ಕೆ ಶೇ 23 ಮಂದಿಗೆ ಖಿನ್ನತೆ ಇತ್ತು. ಹಾಗೆ ನರಳುತ್ತಿದ್ದವರಲ್ಲಿ ಶೇ 78 ಮಂದಿಯ ಮನಸ್ಸು ಗರ್ಭಿಣಿಯಾಗಿದ್ದಾಗಲೇ ಕೆಟ್ಟಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಆರನೆಯ ತಿಂಗಳಿಗೂ ಗುಣವಾಗಿರಲಿಲ್ಲ. ಬಡತನ, ಗಂಡನ ಹಿಂಸೆ, ಗಂಡು ಬೇಕೆಂದು ಕಾದ ಮನೆಯಲ್ಲಿ ಹುಟ್ಟಿದ ಹೆಣ್ಣುಕೂಸು ಇವೆಲ್ಲ ಆ ಕಾಯಿಲೆಯ ಜೊತೆ ಹೆಣೆದುಕೊಂಡಿದ್ದವು. ಅದೇ ವರ್ಷ ತಮಿಳುನಾಡಿನ ಹಳ್ಳಿಗಳ ಅಧ್ಯಯನವೂ ಹೆಚ್ಚುಕಡಿಮೆ ಇದೇ ಕಥೆ ಹೇಳಿತು: ಕಡಿಮೆ ವರಮಾನ, ಅತ್ತೆಯ ಜೊತೆ, ಹೆತ್ತವರ ಜೊತೆ ವಿರಸ, ಕೈಗೆ ಕೈ ಸೇರಿಸುವವರು ಇಲ್ಲದಿರುವುದು. 2017ರಲ್ಲಿ ದೇಶದ 38 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸಿಕ್ಕಿದ ಅಂದಾಜು ಶೇ 22. ನಾಲ್ಕೈದು ಬಾಣಂತಿಯರಲ್ಲಿ ಒಬ್ಬಳು.

ಒಂದೂಕಾಲು ಲಕ್ಷ ಸಂದೇಹ

ಈ ಅಂಕಿಗಳಿಗೂ ಮೊದಲೇ ತಾರ್ನಾಕದ ಸುತ್ತ ಇನ್ನೊಂದು ಬಗೆಯ ಕೇಳುವಿಕೆ ಶುರುವಾಗಿತ್ತು. 1985ರಲ್ಲಿ ಹೈದರಾಬಾದಿನ ಮಹಿಳಾ ಚಳವಳಿಯ ಕೆಲವರು ಸೇರಿ ‘ಅನ್ವೇಷಿ’ ಎಂಬ ಸಂಶೋಧನಾ ಕೇಂದ್ರ ಕಟ್ಟಿದರು. ಅದು ಬಹುಕಾಲ ನಡೆದದ್ದು ಉಸ್ಮಾನಿಯಾ ಆವರಣದಲ್ಲಿ, ಎನ್‌ಐಎನ್‌ನ ನೆರೆಯಲ್ಲೇ. 1956ರವರೆಗೆ ಬೀದರ್, ಕಲಬುರಗಿ, ರಾಯಚೂರಿನ ಕನ್ನಡಿಗರಿಗೂ ಹೈದರಾಬಾದೇ ರಾಜಧಾನಿ, ಉಸ್ಮಾನಿಯಾವೇ ದೊಡ್ಡ ವಿದ್ಯಾಲಯ. ಅಲ್ಲಿ ಏಳುವ ಪ್ರಶ್ನೆ ಕನ್ನಡನಾಡಿಗೆ ಪರಕೀಯವಲ್ಲ.

ಈ ಎರಡು ಆವರಣಗಳ ನಡುವೆ ಓಡಾಡಿದವರು ವೀಣಾ ಶತ್ರುಘ್ನ. ಎನ್‌ಐಎನ್‌ನಲ್ಲಿ ವೈದ್ಯೆ, ಸಂಶೋಧಕಿ. ಅನ್ವೇಷಿಯ ಗೆಳತಿಯರ ಬಳಗದಲ್ಲಿ ಒಬ್ಬರು. 1990ರಲ್ಲಿ ಅವರು ಸಹೋದ್ಯೋಗಿಗಳ ಜೊತೆ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಹೆಂಗಸರ ಬೆನ್ನುನೋವಿನ ಬಗ್ಗೆ ಲೇಖನ ಬರೆದರು. ಹೆಂಗಸರು ಸದಾ ಹೇಳುವ, ವೈದ್ಯರು ಸದಾ ತಳ್ಳಿಹಾಕುವ ದೂರನ್ನು ಸಂಶೋಧನೆಯ ವಸ್ತುವಾಗಿ ಎತ್ತಿಕೊಂಡದ್ದೇ ಅಲ್ಲಿನ ದೊಡ್ಡ ಹೆಜ್ಜೆ. 1991ರಲ್ಲಿ ಹೈದರಾಬಾದಿನ ಮಹಿಳಾ ಗುಂಪು ತೆಲುಗಿನಲ್ಲಿ ಹೆಣ್ಣಿನ ಆರೋಗ್ಯದ ಕೈಪಿಡಿಯೊಂದನ್ನು ತಂದಿತು. ಹೆಸರು ‘ಸವಾಲಕ್ಷ ಸಂದೇಹಾಲು’, ಒಂದೂಕಾಲು ಲಕ್ಷ ಸಂದೇಹಗಳು. ಆಸ್ಪತ್ರೆಯಲ್ಲಿ ಕೇಳಲು ಬಾಯಿ ಬಾರದ, ಕೇಳಿದರೆ ಗದರಿಸಿಕೊಳ್ಳಬೇಕಾದ ಪ್ರಶ್ನೆಗಳಿಗೆ ಆ ಹೆಸರಿನಲ್ಲೇ ಒಂದು ಜಾಗ ಸಿಕ್ಕಿತು.

ಅನ್ವೇಷಿಯ ಜೊತೆ ಕೆಲಸ ಮಾಡಿದ ಭಾರ್ಗವಿ ದಾವರ್ ಈ ಕೇಳುವಿಕೆಯನ್ನು ನೇರವಾಗಿ ಮನಸ್ಸಿನ ಕಡೆಗೆ ತಿರುಗಿಸಿದರು. ಭಾರತೀಯ ಮಹಿಳೆಯರ ಮಾನಸಿಕ ಆರೋಗ್ಯದ ಬಗ್ಗೆ 1999ರಲ್ಲಿ ಬಂದ ಅವರ ಪುಸ್ತಕದ ಒಂದು ಮುಖ್ಯ ತಕರಾರು ಇದು: ಮಾನಸಿಕ ಆರೋಗ್ಯ ವ್ಯವಸ್ಥೆ ತೀವ್ರ ಕಾಯಿಲೆಗಳ ಸುತ್ತ ಕಟ್ಟಿಕೊಂಡಿದೆ, ಹೆಂಗಸರು ಹೆಚ್ಚಾಗಿ ನರಳುವುದು ದಿನನಿತ್ಯದ ಬದುಕಿನೊಳಗಿನ ಖಿನ್ನತೆ, ಆತಂಕಗಳಿಂದ. ಮುಂದೆ ಪುಣೆಯಲ್ಲಿ ಅವರು ಕಟ್ಟಿದ ಸಂಸ್ಥೆಗೆ ತಮ್ಮ ತಾಯಿ ಬಾಪು ಅವರ ಹೆಸರಿಟ್ಟರು. ಮನೋವೈದ್ಯ ವ್ಯವಸ್ಥೆಯ ಒಳಗೆ ಸಿಕ್ಕಿ ನೊಂದ ತಾಯಿಯನ್ನು ನೋಡುತ್ತ ಬೆಳೆದ ಮಗಳು ಅವರು.

ದೇಹದ ದೂರಿಗೂ ಮನಸ್ಸಿನ ನೋವಿಗೂ ಇರುವ ನಂಟನ್ನು ಗೋವಾದ ಮುಂದಿನ ಅಧ್ಯಯನಗಳು ಇನ್ನಷ್ಟು ಬಿಡಿಸಿದವು. ತೀರದ ಸುಸ್ತು, ಬಿಳಿಸೆರಗು ಎಂದು ಬರುವ ಹೆಂಗಸರಲ್ಲಿ ಖಿನ್ನತೆ, ಆತಂಕಗಳು ಹೆಚ್ಚಾಗಿ ಕಂಡವು. ಸನ್ನಿಯ ಹೆಸರು ಸಿಗದ ದುಃಖ ಸೊಂಟದಲ್ಲಿ, ತಲೆಯಲ್ಲಿ, ಕೈಕಾಲಿನ ಸೆಳೆತದಲ್ಲಿ ಮಾತಾಡುತ್ತಿತ್ತು. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ತಪ್ಪಲ್ಲ, ರಕ್ತಹೀನತೆ ನಿಜವಾಗಿಯೂ ಇರುತ್ತದೆ. ಅಲ್ಲಿಗೆ ಮಾತು ಮುಗಿಸುವುದೇ ತೊಡಕು.

ಕೂಸಿನ ಜೊತೆ ತಾಯಿ

ತೀವ್ರವಾಗಿ ಹಾಸಿಗೆ ಹಿಡಿದವರ ಚರಿತ್ರೆ ಬೇರೆ ದಾರಿಯಲ್ಲಿ ನಡೆಯಿತು. ಸಾವಿರ ಹೆರಿಗೆಗೆ ಒಬ್ಬಿಬ್ಬರಿಗೆ ಬರುವ ಉನ್ಮಾದ, ಹಿರಿಯರ ಬಾಣಂತಿ ಸನ್ನಿ, ತುರ್ತು ಚಿಕಿತ್ಸೆ ಬೇಡುವಂಥದ್ದು. ಹಿಂದೆ ಅಂಥವಳನ್ನು ಆಸ್ಪತ್ರೆಗೆ ಸೇರಿಸಿದರೆ ಕೂಸನ್ನು ಬೇರ್ಪಡಿಸುವುದೇ ಕ್ರಮ. 1948ರಲ್ಲಿ ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ ಟಾಮ್ ಮೇನ್ ತಾಯಿಯನ್ನು ಮಗುವಿನ ಸಮೇತ ಸೇರಿಸಿಕೊಂಡು ಹೊಸ ದಾರಿ ತೆರೆದರು. ಭಾರತದಲ್ಲಿ ಅದಕ್ಕೆ ಸಮೀಪದ ಇನ್ನೊಂದು ಪ್ರಯೋಗ ಬಡತನದ ನಡುವೆಯೇ ಹುಟ್ಟಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ರೋಗಿಗಳ ಮನೆಯವರನ್ನು ಆವರಣದಲ್ಲೇ ಡೇರೆ ಹಾಕಿಸಿ ಇರಿಸಿಕೊಂಡರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲೂ ಮನೆಯವರು ಜೊತೆಗಿರುವುದು ರೂಢಿಗೆ ಬಂತು.

ಈ ಎರಡೂ ಎಳೆಗಳು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸೇರಿದವು. 2009ರಲ್ಲಿ ಅಲ್ಲಿ ಪ್ರಭಾ ಚಂದ್ರ ಮತ್ತು ಸಂಗಡಿಗರು ತಾಯಿ-ಮಗುವಿನ ಒಳರೋಗಿ ಘಟಕ ತೆರೆದರು. ಭಾರತದಲ್ಲಿ ಅದು ಮೊದಲನೆಯದು. ಅಲ್ಲಿ ತಾಯಿಯ ಜೊತೆ ಕೂಸು, ಇಬ್ಬರ ಜೊತೆ ಮನೆಯ ಒಬ್ಬ ಹೆಂಗಸು, ಸಾಮಾನ್ಯವಾಗಿ ಬಾಣಂತಿಯ ಅಮ್ಮ. ಔಷಧಿಯ ಜೊತೆಗೇ ಮಗುವಿಗೆ ಹಾಲೂಡಿಸುವುದು, ಎತ್ತಿಕೊಳ್ಳುವುದು, ಅದರ ಅಳು ಅರ್ಥಮಾಡಿಕೊಳ್ಳುವುದು ಕೂಡ ಚಿಕಿತ್ಸೆ. ಮನೆಗೆ ಹೋದ ಮೇಲೆ ಜೊತೆಗಿರುವವಳು ಅಮ್ಮನೋ ಅತ್ತೆಯೋ ಆದ್ದರಿಂದ ಅವಳಿಗೂ ಅಲ್ಲಿ ಕಲಿಯಲು ಇರುತ್ತದೆ.

ಎಂಟು ವರ್ಷದ ಬಳಿಕ ಕಾನೂನೂ ಹಿಂದೆ ಬಂತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಸೆಕ್ಷನ್ ಪ್ರಕಾರ ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ. ಮಗುವಿಗೆ ಅಪಾಯವಿದೆ ಎಂದು ಬೇರ್ಪಡಿಸಿದರೂ ಹದಿನೈದು ದಿನಕ್ಕೊಮ್ಮೆ ಆ ನಿರ್ಧಾರವನ್ನು ಮರುಪರಿಶೀಲಿಸಬೇಕು.

ಸನ್ನಿ ಹಿಡಿದವರಲ್ಲಿ ಹೆಚ್ಚಿನವರು ಸರಿಯಾದ ಚಿಕಿತ್ಸೆ ಸಿಕ್ಕರೆ ಆ ಸಲದ ಕಾಯಿಲೆಯಿಂದ ಹೊರಬರುತ್ತಾರೆ. ಆದರೆ ಮುಂದಿನ ಹೆರಿಗೆಯಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಮರಳಬಹುದು. ಎರಡನೆಯ ಬಸಿರಿಗೆ ಮೊದಲೇ ವೈದ್ಯರ ಜೊತೆ ಕೂತು ಮಾತಾಡಿದರೆ ತಡೆಯುವ ದಾರಿಗಳಿವೆ. ‘ಹೋದ ಸಲದ್ದು ಹೋಯಿತು’ ಎಂದು ಮುಚ್ಚಿಟ್ಟರೆ ಆ ದಾರಿ ಮುಚ್ಚುತ್ತದೆ.

ಹನ್ನೊಂದು ವರ್ಷ

ಗುಣವಾಗುವುದು ಎಂದರೆ ಏನು, ಎಷ್ಟು ಕಾಲ ಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ತಾಯಂದಿರ ಜೊತೆ ವರ್ಷಗಟ್ಟಲೆ ನಡೆಯಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಮುತ್ತ 1990ರ ದಶಕದ ಆರಂಭದಲ್ಲಿ ಹೆತ್ತ ಸಾವಿರಾರು ತಾಯಂದಿರನ್ನು ಹಾಗೆ ಹಿಂಬಾಲಿಸಿದ ಅಧ್ಯಯನವೊಂದಿದೆ. 2018ರಲ್ಲಿ ಪ್ರಕಟವಾದ ಅದರ ಲೆಕ್ಕದಂತೆ, ಹೆರಿಗೆಯಾದ ಎರಡನೆಯ ತಿಂಗಳಲ್ಲೂ ಎಂಟನೆಯ ತಿಂಗಳಲ್ಲೂ ಖಿನ್ನತೆ ಇದ್ದವರಲ್ಲಿ ಅದರ ನೆರಳು ಹನ್ನೊಂದು ವರ್ಷದವರೆಗೂ ಕಂಡಿತು. ಬೇಗ ತಿಳಿಯಾದವರ ದಾರಿ ಬೇರೆ, ಎಂಟು ತಿಂಗಳಿಗೂ ತಿಳಿಯಾಗದವರ ದಾರಿ ಬೇರೆ. ಈ ಎರಡನೆಯವರು ಯಾರು ಎಂದು ಆರನೆಯ ವಾರದಲ್ಲಿ ಮಾತ್ರ ಕೇಳಿದರೆ ತಿಳಿಯುವುದೇ ಇಲ್ಲ.

ಸಹಾಯ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಬದುಕಿಗೆ ಹತ್ತಿರವಾದ ಸಾಕ್ಷಿ ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳದು. ಅಲ್ಲಿ ಆತಿಫ್ ರೆಹಮಾನ್ ಮತ್ತು ಸಂಗಡಿಗರು ಊರಿನ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟು, ಮನೆಮನೆಗೆ ಹೋಗಿ ತಾಯಂದಿರ ಜೊತೆ ಮಾತಾಡಿಸಿದರು. ಮಾತಿನ ನೆಪ ಮಗುವಿನ ಆರೋಗ್ಯ, ಹಾಗಾಗಿ ಅತ್ತೆಯೂ ಕೂತು ಕೇಳುವಂತಿತ್ತು. 2008ರಲ್ಲಿ ಫಲಿತಾಂಶ ಬಂತು. ವರ್ಷದ ಕೊನೆಗೆ ಈ ಸಹಾಯ ಸಿಕ್ಕವರಲ್ಲಿ ಶೇ 27 ಮಂದಿಗೆ ಖಿನ್ನತೆ ಉಳಿದಿತ್ತು, ಸಿಗದವರಲ್ಲಿ ಶೇ 59. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಇದನ್ನೇ ಕೈಪಿಡಿಯಾಗಿ ತಂದಿತು. ಗೋವಾದಲ್ಲಿ ನೆರೆಮನೆಯ ಹೆಂಗಸರಿಗೇ ತರಬೇತಿ ಕೊಟ್ಟು ಇದನ್ನು ನಡೆಸಿ ನೋಡಿದರು.

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. ರಾವಲ್ಪಿಂಡಿಯ ಮಕ್ಕಳಿಗೆ ಸುಮಾರು ಏಳು ವರ್ಷವಾದಾಗ ಸಂಶೋಧಕರು ಮತ್ತೆ ಹೋದರು. ಸಹಾಯ ಸಿಕ್ಕ ತಾಯಂದಿರ ಮಕ್ಕಳ ಬೆಳವಣಿಗೆಯಲ್ಲೂ ಸಿಗದವರ ಮಕ್ಕಳ ಬೆಳವಣಿಗೆಯಲ್ಲೂ ವ್ಯತ್ಯಾಸ ಕಾಣಲಿಲ್ಲ. ಮೊದಲ ವರ್ಷದ ಆಸರೆ ಆ ವರ್ಷವನ್ನು ದಾಟಿಸಿತು, ಅದಕ್ಕೆ ಬೆಲೆಯಿದೆ. ಮುಂದಿನ ಆರು ವರ್ಷದ ಬಡತನ, ಮನೆಯ ಜಗಳ, ಇನ್ನೊಂದು ಬಸಿರು ಇವನ್ನೆಲ್ಲ ಅದೊಂದೇ ಹೊರಲಾರದು. ಚೇತರಿಕೆ ಒಮ್ಮೆ ಹಾಕಿಸಿಕೊಂಡರೆ ಮುಗಿಯುವ ಲಸಿಕೆಯ ಹಾಗಲ್ಲ ಎಂಬುದು ಈ ನಿರಾಶೆಯೊಳಗಿನ ಪಾಠ.

ಬಾಣಂತನದ ಕೊನೆ ಇಲ್ಲಿ ನೆನಪಾಗಬೇಕು. ತವರಿನ ಐದು ತಿಂಗಳು ಮುಗಿದು, ತೊಟ್ಟಿಲು ಗಂಡನ ಮನೆಗೆ ಹೋದ ದಿನದಿಂದ ಎಣ್ಣೆ ನೀರಿಲ್ಲ, ರಾತ್ರಿ ಕೂಸನ್ನು ಎತ್ತಿಕೊಳ್ಳುವ ಅಮ್ಮನಿಲ್ಲ. ಕೆಲಸದ ಮೇಲೆ ಹೈದರಾಬಾದಿಗೋ ಪುಣೆಗೋ ಹೋಗಿ ನೆಲೆಸಿದ ಮನೆಯಾದರೆ ನೆರೆಯವರ ಭಾಷೆಯೂ ಬೇರೆ. ಸಂಘಟಿತ ವಲಯದಲ್ಲಿ ದುಡಿಯುವವಳಿಗೆ 2017ರ ತಿದ್ದುಪಡಿಯಿಂದ ಸಿಕ್ಕ 26 ವಾರದ ರಜೆಯೂ ಹೆಚ್ಚುಕಡಿಮೆ ಆಗಲೇ ಮುಗಿಯುತ್ತದೆ. ಕೂಲಿಯವಳಿಗೆ ಆ ರಜೆಯೇ ಇಲ್ಲ. ಎಲ್ಲ ಆಸರೆಗಳೂ ಕೈಬಿಡುವ ಹೊತ್ತು, ಬೇಗ ಗುಣವಾಗದವರ ನಿಜವಾದ ಪರೀಕ್ಷೆಯ ಹೊತ್ತು ಎರಡೂ ಒಂದೇ. ಸ್ವಲ್ಪ ಹಗುರವೆನಿಸಿತೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸುವುದೂ ಆಗಲೇ. ಹಾಲೂಡಿಸುತ್ತಲೇ ತೆಗೆದುಕೊಳ್ಳಬಹುದಾದ ಖಿನ್ನತೆಯ ಮಾತ್ರೆಗಳಿವೆ. ಯಾವುದು, ಎಷ್ಟು ಕಾಲ ಎಂಬುದನ್ನು ವೈದ್ಯರ ಜೊತೆ ಮಾತಾಡಿ ನಿರ್ಧರಿಸಬೇಕು, ನಿಲ್ಲಿಸುವುದನ್ನೂ ಹಾಗೆಯೇ.

ಮತ್ತೆ ತಾರ್ನಾಕ

ದಶಕಗಟ್ಟಲೆ ಹಿಂಬಾಲಿಸುವುದು ನಮ್ಮಂಥ ದೇಶದಲ್ಲಿ ಆಗದ ಕೆಲಸ ಎನ್ನುವವರಿಗೆ ಎನ್‌ಐಎನ್ ತಾನೇ ಉತ್ತರ ಕೊಟ್ಟಿದೆ. 1987ರಿಂದ 1990ರವರೆಗೆ ಅದು ಹೈದರಾಬಾದಿನ ಬಳಿಯ 29 ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಸಿತು. 15 ಹಳ್ಳಿಗಳ ಗರ್ಭಿಣಿಯರಿಗೂ ಮಕ್ಕಳಿಗೂ ಹೆಚ್ಚುವರಿ ಆಹಾರ ಸಿಕ್ಕಿತು, 14 ಹಳ್ಳಿಗಳಲ್ಲಿ ಅದು ಆಗ ಇರಲಿಲ್ಲ. ಆ ಮಕ್ಕಳು ಹದಿಹರೆಯಕ್ಕೆ ಬಂದಾಗ, 2003–05ರಲ್ಲಿ, ಸಂಶೋಧಕರು ಅದೇ ಹಳ್ಳಿಗಳಿಗೆ ಮರಳಿದರು. ಬಸಿರಲ್ಲೂ ಎಳವೆಯಲ್ಲೂ ಆ ಊಟದ ಪಾಲು ಸಿಕ್ಕವರು ಸರಾಸರಿ ಒಂದೂವರೆ ಸೆಂಟಿಮೀಟರಿನಷ್ಟು ಎತ್ತರವಿದ್ದರು, ಅವರ ರಕ್ತನಾಳಗಳು ಕಡಿಮೆ ಬಿಗಿದಿದ್ದವು. ಆಮೇಲೂ ಆ ಕುಟುಂಬಗಳ ಬಳಿಗೆ ಮತ್ತೆ ಮತ್ತೆ ಹೋಗಿ ನೋಡಿದ್ದಾರೆ. ಬಸಿರಿನ ಕಾಲದ ಒಂದು ಊಟದ ಗುರುತನ್ನು ಹದಿನೈದು ವರ್ಷದ ನಂತರ ಹುಡುಕಬಲ್ಲ ನಾಡಿಗೆ, ಬಸಿರಿನ ಕಾಲದ ಒಂದು ದುಃಖ ಎಲ್ಲಿಗೆ ಹೋಯಿತು ಎಂದು ಹುಡುಕುವುದು ಅಸಾಧ್ಯವೇನಲ್ಲ.

ಅದಕ್ಕೆ ಹೊಸ ಕಟ್ಟಡವೂ ಬೇಡ. ಕೇರಳ ‘ಅಮ್ಮ ಮನಸ್ಸು’ ಎಂಬ ಹೆಸರಿನಲ್ಲಿ ತಾಯಂದಿರ ಮಾನಸಿಕ ಆರೋಗ್ಯವನ್ನು ಸರ್ಕಾರಿ ವ್ಯವಸ್ಥೆಯೊಳಗೇ ತರಲು ಹೊರಟಿದೆ. 2022ರ ಅಕ್ಟೋಬರಿನಿಂದ ನಡೆಯುತ್ತಿರುವ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಇನ್ನು ಪ್ರತಿ ತಾಯಿಯ ಕೈಯಲ್ಲೂ ಒಂದು ತಾಯಿ ಕಾರ್ಡ್ ಇದೆ. ಅದರಲ್ಲಿ ಕೂಸಿನ ಲಸಿಕೆಯ ತಾರೀಖುಗಳಿವೆ: ಆರು, ಹತ್ತು, ಹದಿನಾಲ್ಕು ವಾರ, ಒಂಬತ್ತು ತಿಂಗಳು, ಒಂದೂವರೆ ವರ್ಷದ ಆಸುಪಾಸು, ಕೊನೆಗೆ ಐದು ವರ್ಷ. ಸರ್ಕಾರದ ಲೆಕ್ಕದಲ್ಲಿ ಹೆರಿಗೆ ಮುಗಿದು ಎಷ್ಟೋ ಕಾಲವಾದ ಮೇಲೂ ತಾಯಿ ಕೂಸನ್ನು ಎತ್ತಿಕೊಂಡು ಅದೇ ಆರೋಗ್ಯ ಕೇಂದ್ರಕ್ಕೆ ಬರುತ್ತಲೇ ಇರುತ್ತಾಳೆ. ಕೂಸನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದುಕೊಳ್ಳುವ ನರ್ಸಮ್ಮ ಆ ಹೊತ್ತಿನಲ್ಲಿ ತಲೆಯೆತ್ತಿ ‘ನೀವು ಹೇಗಿದ್ದೀರಮ್ಮ, ರಾತ್ರಿ ನಿದ್ದೆ ಬರ್ತಿದೆಯಾ?’ ಎಂದು ಕೇಳಿ, ಉತ್ತರವನ್ನೂ ಕೂಸಿನ ತೂಕದ ಪಕ್ಕದಲ್ಲೇ ಬರೆದುಕೊಳ್ಳಬಹುದು.